ನ್ಯೂ ಫೋಲ್ಡರಿನಲ್ಲಿದ್ದ ಹೆಸರು

ಕೇಳದೆ ಸಲಹೆ ಕೊಡುವವರ ಪಂಗಡಕ್ಕೆ ಸೇರಿದವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಇಲ್ಲದಿದ್ದರೆ ಪುಣೆಯ ಕೋಥರೂಡದ ನಮ್ಮ ಸೊಸೈಟಿಯಲ್ಲಿ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಕೆಲವರಿಗೆ ರಾಜಕೀಯದ ಬಗ್ಗೆ ಅಭಿಪ್ರಾಯಗಳಿರುತ್ತವೆ, ಕೆಲವರಿಗೆ ಕ್ರಿಕೆಟ್ಟಿನ ಬಗ್ಗೆ, ಇನ್ನು ಕೆಲವರಿಗೆ ಎದುರು ಮನೆಯ ಸೊಸೆಯ ಬಗ್ಗೆ. ನನಗಿರುವುದು ಕಂಪ್ಯೂಟರು, ಫೋನು, ಪ್ರಿಂಟರು, ವೈಫೈಗಳ ಬಗ್ಗೆ. ಲಿಫ್ಟಿನೊಳಗೆ ಯಾರಾದರೂ ಹೊಸ ಫೋನು ಹಿಡಿದುಕೊಂಡು ಬಂದರೆ ಸಾಕು, ಅವರ ಮಹಡಿ ಬರುವಷ್ಟರಲ್ಲಿ ಅವರು ಅದನ್ನು ಏಕೆ ಕೊಳ್ಳಬಾರದಿತ್ತು ಎಂಬುದನ್ನು ಕಾರಣಸಹಿತ ವಿವರಿಸಿ ಮುಗಿಸಿರುತ್ತೇನೆ. ಈಚೆಗೆ ಮೊಣಕಾಲು ನೋವಿನ ಹಿರಿಯರು ಕೂಡ ನನ್ನನ್ನು ಕಂಡೊಡನೆ ಮೆಟ್ಟಿಲ ಕಡೆ ತಿರುಗುವುದನ್ನು ಗಮನಿಸಿದ್ದೇನೆ. ಮೊದಮೊದಲು ಅದು ಅವರ ವ್ಯಾಯಾಮದ ಆಸಕ್ತಿ ಎಂದುಕೊಂಡಿದ್ದೆ.

ಈ ಪಾಂಡಿತ್ಯ ನನಗೆ ಬಂದದ್ದು ಪುಣೆಯ ಹೊರವಲಯದ ಚಾಕಣದಿಂದ. ಗದಗಿನ ಕಡೆಯಿಂದ ಪುಣೆಗೆ ಬಂದವನು ಅಲ್ಲಿನ ಒಂದು ಬಿಡಿಭಾಗಗಳ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿ ಸೇರಿದೆ. ಕಾರ್ಖಾನೆಗೆ ಕಂಪ್ಯೂಟರು ಬಂದಾಗ ಅದನ್ನು ಕಲಿತು ಬರಲು ಯಾರನ್ನು ಕಳಿಸುವುದು ಎಂಬ ಪ್ರಶ್ನೆ ಎದ್ದಿತು. ಉಳಿದವರಿಗೆಲ್ಲ ಕೆಲಸವಿತ್ತು, ಆದ್ದರಿಂದ ನನ್ನನ್ನು ಕಳಿಸಿದರು. ಅಲ್ಲಿಂದ ಮುಂದೆ ಯಾರ ಟೇಬಲ್ಲಿನ ಮೌಸು ನಿಂತರೂ ನನಗೆ ಕರೆ ಬರುತ್ತಿತ್ತು. ನಾನು ಹೋಗಿ, ಹುಬ್ಬು ಗಂಟಿಕ್ಕಿ, ಸುತ್ತ ನಿಂತವರನ್ನು ಸ್ವಲ್ಪ ಹಿಂದೆ ಸರಿಯಲು ಹೇಳಿ, ಯಂತ್ರವನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತಿದ್ದೆ. ಬಹಳಷ್ಟು ಸಲ ಅದು ಸರಿಹೋಗುತ್ತಿತ್ತು. ನನ್ನ ಕೀರ್ತಿಯೆಲ್ಲ ಈ ಒಂದು ವಿದ್ಯೆಯ ಮೇಲೆ ನಿಂತಿದೆ. ಮುಂದೆ ಇಲ್ಲಿಯ ಕನ್ನಡ ಸಂಘದ ಮೈಕು, ಪ್ರೊಜೆಕ್ಟರು, ವಾರ್ತಾಪತ್ರ ಎಲ್ಲವೂ ನನ್ನ ತಲೆಗೇ ಬಂದವು. ಒಂದು ಭಾನುವಾರ ಸಂಘದ ಸಭೆಯಲ್ಲಿ ಬ್ಯಾಕಪ್‌ನ ಮಹತ್ವದ ಬಗ್ಗೆ ಉಪನ್ಯಾಸವನ್ನೂ ಮಾಡಿದೆ. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಮನೆಯ ಹೊರಗೆ, ಇನ್ನೊಂದು ಇಂಟರ್ನೆಟ್ಟಿನಲ್ಲಿ ಇರಬೇಕು, ಇಲ್ಲದವರು ಮುಂದೆ ಅಳಬೇಕಾಗುತ್ತದೆ ಎಂದು ಹೆದರಿಸಿದೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ವಿಮಲಾ ಕೂತಿದ್ದಳು. ಅವಳೂ ತಟ್ಟಿದಳು.

ವಿಮಲಾಳಿಗೆ ಕಂಪ್ಯೂಟರಿನ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ. ಅವಳು ಹೆಸರಾದದ್ದು ಒಡಪಿನಿಂದ. ನಮ್ಮ ಉತ್ತರ ಕರ್ನಾಟಕದ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಅರಿಷಿಣ-ಕುಂಕುಮದಲ್ಲಿ ನಾಲ್ಕು ಜನ ಸೇರಿ ಕಾಡಿದಾಗ, ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಆ ಹೆಸರನ್ನು ಕೂಡಿಸಿ ಹೇಳಬೇಕು. ಅದೇ ಒಡಪು. ಮರಾಠಿಯವರಲ್ಲೂ ಈ ಪದ್ಧತಿ ಉಂಟು, ಅವರು ಉಖಾಣಾ ಎನ್ನುತ್ತಾರೆ. ಹಾಗಾಗಿ ಪುಣೆಗೆ ಬಂದ ಮೇಲೂ ನಮ್ಮ ಹೆಂಗಸರಿಗೆ ಇದರಿಂದ ಬಿಡುಗಡೆ ಸಿಗಲಿಲ್ಲ. ಹೆಚ್ಚಿನವರು ಬೆಳ್ಳಿ ಬಟ್ಟಲು, ಬೆಣ್ಣೆ, ಸಕ್ಕರೆ ಎಂದು ಶುರುವಾಗುವ ಒಂದು ಸಿದ್ಧ ಒಡಪನ್ನು ಕಲಿತಿರುತ್ತಾರೆ. ಅದರೊಳಗೆ ಯಾವ ಗಂಡನ ಹೆಸರನ್ನಾದರೂ ಕೂಡಿಸಬಹುದು, ಗಂಡ ಹೇಗಿದ್ದರೂ ನಡೆಯುತ್ತದೆ. ವಿಮಲಾ ಅದನ್ನು ಎಂದೂ ಹೇಳಿದವಳಲ್ಲ. ಪ್ರತಿ ಸಲವೂ ಕಣ್ಣೆದುರಿಗಿರುವುದನ್ನು ಹಿಡಿದು ಹೊಸದನ್ನೇ ಕಟ್ಟುತ್ತಿದ್ದಳು. ನಮ್ಮ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದ ವರ್ಷ, "ಮಿಕ್ಸರ್ ಬಂತು, ಫ್ರಿಜ್ ಬಂತು, ಬಂತು ವಾಷಿಂಗ್ ಮಷೀನ, ಪುಸ್ತಕಾ ಓದಿ ಹೇಳಾವರು ಗುರುನಾಥರಾಯರು, ಬಟನ್ ಒತ್ತಾಕಿ ನಾನ" ಎಂದು ಹೇಳಿ ಇಡೀ ಸಭೆಯನ್ನು ನಗಿಸಿದ್ದಳಂತೆ. ಆ ಸುದ್ದಿ ಬಂದದ್ದು ನಮ್ಮ ಸೊಸೈಟಿಯ ಪಾಟೀಲರ ಹೆಂಡತಿಯಿಂದ ಪಾಟೀಲರಿಗೆ, ಪಾಟೀಲರಿಂದ ಲಿಫ್ಟಿನಲ್ಲಿ ನನಗೆ.

ಹೀಗೆ ಹುಟ್ಟಿದ ಒಡಪುಗಳನ್ನು ಅವಳು ಗೋಡೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಗೆ ಬರೆದು, ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು. ನನಗೆ ಇದು ತೀರ ಹಳೆಯ ಕಾಲದ ರೀತಿಯಾಗಿ ಕಂಡಿತು. "ಕಾಗದಕ್ಕ ಏನ್ ಭರೋಸಾ ಅದ? ಜಿರಳೆ ತಿಂತದ, ನೀರು ಬೀಳತದ. ಕಂಪ್ಯೂಟರಿನ್ಯಾಗ ಹಾಕು, ಕಾಯಂ ಇರತದ" ಎಂದೆ. ಆಗಿನ ಕಾಲಕ್ಕೆ ಸಂಘದ ವಾರ್ತಾಪತ್ರಕ್ಕೆಂದು ಒಂದು ಹಳೆಯ ಕನ್ನಡ ತಂತ್ರಾಂಶ ತಂದಿದ್ದೆ, ಅದನ್ನೇ ಮನೆಯ ಕಂಪ್ಯೂಟರಿಗೂ ಹಾಕಿಕೊಟ್ಟೆ. ಅವಳು ಒಂದೊಂದೇ ಬೆರಳಿನಿಂದ ಅಕ್ಷರ ಹುಡುಕುತ್ತ, ಅಡುಗೆ ಮುಗಿದ ಮೇಲೆ ದಿನಕ್ಕಿಷ್ಟು ಎಂದು ಎಲ್ಲವನ್ನೂ ಟೈಪ್ ಮಾಡಿದಳು. ಮುಗಿದ ದಿನ ಕ್ಯಾಲೆಂಡರ್ ಹಾಳೆಗಳನ್ನೆಲ್ಲ ನಾನೇ ಕಟ್ಟಿ ರದ್ದಿಯವನಿಗೆ ಹಾಕಿದೆ. ಆಮೇಲಿನವನ್ನು ಅವಳು ನೇರವಾಗಿ ಕಂಪ್ಯೂಟರಿನಲ್ಲೇ ಬರೆಯತೊಡಗಿದಳು. ಕಡತಗಳನ್ನಿಡಲು ನಾನು ಮಾಡಿಕೊಟ್ಟ ಫೋಲ್ಡರಿಗೆ ಯಂತ್ರ ತಾನೇ ಕೊಟ್ಟ 'ನ್ಯೂ ಫೋಲ್ಡರ್' ಎಂಬ ಹೆಸರೇ ಉಳಿಯಿತು. ಹೆಸರು ಬದಲಿಸುವುದನ್ನು ಆಮೇಲೆ ಕಲಿಸುತ್ತೇನೆ ಎಂದಿದ್ದೆ, ಮರೆತೆ.

ಅವಳು ಬರೆದದ್ದನ್ನು ನಾನು ಓದಲಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಒಮ್ಮೆ ಕರೆದಿದ್ದಳು. "ರೀ, ಒಂದ್ಸಲ ಇದನ್ನ ನೋಡ್ರಿ, ಛಲೋ ಆಗೇದೇನು?" ಎಂದಳು. ನಾನು ಹಿಂದೆ ನಿಂತು ನೋಡಿದೆ. ಮಾರ್ಜಿನ್ ಸರಿಯಿಲ್ಲ, ಸಾಲುಗಳ ನಡುವೆ ಜಾಗ ಹೆಚ್ಚಾಯಿತು, ಅಕ್ಷರದ ಗಾತ್ರ ಇಳಿಸಬೇಕು ಎಂದೆ. ಎಲ್ಲವನ್ನೂ ಸರಿಪಡಿಸಿಕೊಟ್ಟು ಎದ್ದೆ. ಅಲ್ಲಿ ಏನು ಬರೆದಿತ್ತು ಎಂದು ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರುವುದಿಲ್ಲ, ಮಾರ್ಜಿನ್ ಮಾತ್ರ ನೆನಪಿದೆ. ಅವಳು ಮತ್ತೆಂದೂ ಕರೆಯಲಿಲ್ಲ. ಅಷ್ಟರಲ್ಲಿ ಕಾಲ ಬದಲಾಗಿ ಆ ಹಳೆಯ ತಂತ್ರಾಂಶಗಳು ಮೂಲೆ ಸೇರಿ, ಎಲ್ಲ ಯಂತ್ರದಲ್ಲೂ ತೆರೆದುಕೊಳ್ಳುವ ಯೂನಿಕೋಡ್ ಅಕ್ಷರಗಳು ಬಂದವು. ಹಳೆಯದನ್ನೆಲ್ಲ ಯೂನಿಕೋಡಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಒಂದು ದಿನ ನಿಮ್ಮ ಕನ್ನಡ ನಿಮಗೇ ಓದಲು ಬರುವುದಿಲ್ಲ ಎಂದು ಸಂಘದಲ್ಲಿ ಇದರ ಮೇಲೂ ಉಪನ್ಯಾಸ ಮಾಡಿದೆ. ಅದಕ್ಕೂ ಚಪ್ಪಾಳೆ ಬಿತ್ತು. ಮನೆಯ ಕಂಪ್ಯೂಟರು ಮಾತ್ರ ನನ್ನ ಉಪನ್ಯಾಸಗಳ ವ್ಯಾಪ್ತಿಗೆ ಬಂದಿರಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಸಂಘದ ಮಹಿಳಾ ಮಂಡಳದವರು ಒಂದು ಠರಾವು ಮಾಡಿದರು. ಪುಣೆಯಲ್ಲಿ ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಬಂದವರಿಗೆಲ್ಲ ಕೈಗೊಂದು ವಸ್ತು ಕೊಡುವ ರೂಢಿಯಿದೆ, ಇಲ್ಲಿಯವರು ಅದನ್ನು ವಾಣ ಎನ್ನುತ್ತಾರೆ. ಪ್ರತಿ ವರ್ಷ ಪ್ಲಾಸ್ಟಿಕ್ ಡಬ್ಬಿ, ಚಮಚ ಕೊಟ್ಟು ಸಾಕಾಗಿದೆ, ಈ ಸಲ ವಿಮಲಾಬಾಯಿಯ ಒಡಪುಗಳನ್ನು ಸಣ್ಣ ಪುಸ್ತಕ ಮಾಡಿ ಹಂಚೋಣ ಎಂದು ಎಲ್ಲರೂ ಒಪ್ಪಿದರು. ಆ ದಿನ ವಿಮಲಾ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯವರೆಗೆ ನಡೆದಳು. "ನನ್ನ ಹೆಸರು ಪುಸ್ತಕದ ಮ್ಯಾಲೆ ಬರತದಂತ್ರಿ" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ನಾನು ಸಂತೋಷಪಟ್ಟೆ, ಪಡಲಿಲ್ಲ ಎನ್ನುವಂತಿಲ್ಲ. ಕೂಡಲೇ ಪುಸ್ತಕಕ್ಕೆ ಯಾವ ತಂತ್ರಾಂಶ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ವಿವರಿಸಲು ಶುರುಮಾಡಿದೆ. ಅವಳು ಚಪ್ಪಲಿ ಬಿಡಲು ಹೊರಗೆ ಹೋದಳು.

ತೊಂದರೆಯೆಂದರೆ ನಮ್ಮ ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಚಾಲೂ ಮಾಡಿ, ಸ್ನಾನ ಸಂಧ್ಯಾವಂದನೆ ಮುಗಿಸಿ ಬಂದರೆ ಆಗ ತಾನೇ ಕಣ್ಣು ಬಿಡುತ್ತಿರುತ್ತಿತ್ತು. ವಿಮಲಾಳಿಗೆ ಅದರಿಂದ ಏನೂ ಅಡ್ಡಿಯಿರಲಿಲ್ಲ. ಅದು ಏಳುವಷ್ಟರಲ್ಲಿ ಅವಳ ಕುಕ್ಕರು ಆಗಿರುತ್ತಿತ್ತು. "ಪುಸ್ತಕದ ಕೆಲಸ ಮುಗೀಲಿರಿ, ಆಮ್ಯಾಲೆ ರಿಪೇರಿಗೆ ಕೊಡ್ರಿ" ಎಂದು ಸ್ಪಷ್ಟವಾಗಿ ಹೇಳಿದಳು. ಆದರೆ ನಿಧಾನವಾದ ಯಂತ್ರವೊಂದು ನನ್ನ ಮನೆಯಲ್ಲೇ ಇರುವುದೆಂದರೆ ವೈದ್ಯನ ಮನೆಯಲ್ಲಿ ಸದಾ ಕೆಮ್ಮುವವರು ಇದ್ದ ಹಾಗೆ. ಬಂದವರು ನೋಡುತ್ತಾರೆ. ಹಳೆಯ ಡಿಸ್ಕು ತೆಗೆಸಿ ಹೊಸ ಬಗೆಯ ಚುರುಕಾದ ಡಿಸ್ಕು ಹಾಕಿಸಿ, ಎಲ್ಲವನ್ನೂ ಹೊಸದಾಗಿ ತುಂಬಿಸಿ ಅವಳಿಗೆ ಆಶ್ಚರ್ಯವಾಗುವಂತೆ ಮಾಡಬೇಕೆಂದು ನಿಶ್ಚಯಿಸಿದೆ. ಅವಳು ಶಿರೂರಿನಲ್ಲಿರುವ ತಂಗಿಯ ಮನೆಗೆ ಎರಡು ದಿನಕ್ಕೆ ಹೋದದ್ದೇ ಸಮಯವೆಂದು ಯಂತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿಟ್ಟೆ.

ರಿಪೇರಿಯ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಖಚಿತ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಬಾರದು; ಅಲ್ಲಿ ಟೋಕನ್ ಕೊಟ್ಟು ಎಸಿಯಲ್ಲಿ ಕೂರಿಸಿ, ಕೊನೆಗೆ ಹೊಸದನ್ನೇ ಕೊಂಡರೆ ಒಳ್ಳೆಯದು ಎನ್ನುತ್ತಾರೆ. ಮನೆಗೇ ಬರುವ ಆನ್‌ಲೈನ್ ಸೇವೆಯವರನ್ನು ಕರೆಯಬಾರದು. ಅವರಿಗಿಂತ ಅವರ ಫೋನಿನ ರೇಟಿಂಗ್ ದೊಡ್ಡದಾಗಿರುತ್ತದೆ. ನಂಬಬೇಕಾದದ್ದು ಓಣಿಯ ಅಂಗಡಿಯನ್ನು, ಅದೂ ನಾವು ಪಕ್ಕದಲ್ಲಿ ನಿಂತು ಹೇಳಿಕೊಡುವ ಹಾಗಿದ್ದರೆ ಮಾತ್ರ. ನಮ್ಮ ರಸ್ತೆಯಲ್ಲಿ ಪ್ರಶಾಂತ ಎಂಬ ಮರಾಠಿ ಗೃಹಸ್ಥನ ಅಂಗಡಿಯಿದೆ. ಹೆಚ್ಚುಕಡಿಮೆ ನನ್ನ ವಯಸ್ಸಿನವನು, ಸೌಮ್ಯ ಸ್ವಭಾವದವನು, ನನ್ನ ಉಪದೇಶವನ್ನೆಲ್ಲ ಸ್ಕ್ರೂ ಬಿಚ್ಚುತ್ತಲೇ ಕೇಳಿಸಿಕೊಳ್ಳುವವನು. ಅವನಿಗೆ ಎರಡು ಕಟ್ಟಪ್ಪಣೆ ಕೊಟ್ಟೆ. ಒಂದು, ಬೇಕಾದ ಕಡತಗಳನ್ನಷ್ಟೇ ಹೊಸ ಡಿಸ್ಕಿಗೆ ದಾಟಿಸಬೇಕು, ಕಸ ಬರಕೂಡದು. ಇನ್ನೊಂದು, ಹಳೆಯ ಡಿಸ್ಕನ್ನು ಬರೀ ಅಳಿಸಿದರೆ ಸಾಲದು, ಯಾರೂ ಏನನ್ನೂ ಹೊರತೆಗೆಯಲಾಗದಂತೆ ಅದರ ಮೇಲೆ ಪೂರ್ತಿ ಸೊನ್ನೆ ತುಂಬಿಸಬೇಕು. ಕಳ್ಳರು ಹಳೆಯ ಡಿಸ್ಕಿನಿಂದ ಮಾಹಿತಿ ಕದಿಯುತ್ತಾರೆಂದು ಆಗ ತಾನೇ ಎಲ್ಲೋ ಓದಿದ್ದೆ. ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನಿದೆ ಎಂದು ಅವನು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಮರುದಿನ ನಾನು ಚಾಕಣದಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ಅವನ ಫೋನು ಬಂತು. ನ್ಯೂ ಫೋಲ್ಡರ್ ಎಂಬ ಒಂದು ಫೋಲ್ಡರಿದೆ, ಅದರಲ್ಲಿರುವ ಕಡತಗಳನ್ನು ತೆರೆದರೆ ಏನೇನೋ ಚಿಹ್ನೆಗಳು ಬರುತ್ತವೆ ಎಂದು ಮರಾಠಿಯಲ್ಲಿ ಹೇಳಿದ. "ಸರ್, ಸಗಳ್ಯಾ ಫಾಇಲೀ ಕರಪ್ಟ ದಿಸತಾಯತ" ಎಂದ. ಎಲ್ಲ ಕಡತಗಳೂ ಕೆಟ್ಟಂತೆ ಕಾಣುತ್ತವೆ, ಫೋಟೋ ಕಳಿಸುತ್ತೇನೆ ನೋಡಿ ಎಂದು ಅದನ್ನೂ ಕಳಿಸಿದ. ನೋಡಿದೆ. ತೆರೆಯ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಎ-ಗಳು, ಮಧ್ಯೆ ಮಧ್ಯೆ ಬ್ರಿಟಿಷ್ ಪೌಂಡಿನ ಗುರುತು. ಎದುರಿಗೆ ಸಹೋದ್ಯೋಗಿಗಳು ಚಪಾತಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಫೋನನ್ನು ಅವರತ್ತ ತಿರುಗಿಸಿ ತೋರಿಸಿ, ಇದು ವೈರಸ್ಸಿನ ಕೆಲಸ, ಇಂಥದ್ದನ್ನು ಹೊಸ ಡಿಸ್ಕಿಗೆ ಬರಗೊಟ್ಟರೆ ಮನೆಗೆ ಹಾವು ಕರೆದಂತೆ ಎಂದು ಅವರಿಗೂ ಪ್ರಶಾಂತನಿಗೂ ಒಟ್ಟಿಗೇ ವಿವರಿಸಿ, ಬಿಟ್ಟುಬಿಡು ಎಂದೆ. ಅವನು, "ಘರೀ ಏಕದಾ ವಿಚಾರೂನ ಘ್ಯಾ ನಾ, ಸರ್" ಎಂದ. ಮನೆಯಲ್ಲೊಮ್ಮೆ ಕೇಳಿಬಿಡಿ ಎಂದು. ಎಲ್ಲ ಗಿರಾಕಿಗಳಿಗೂ ಹಾಗೆ ಹೇಳುವುದು ಅವನ ರೂಢಿಯಂತೆ, ಆಮೇಲೆ ತಿಳಿಯಿತು. ಮನೆಯಲ್ಲಿ ಕೇಳಲು ಏನಿದೆ, ಮನೆಯಲ್ಲಿ ಕಂಪ್ಯೂಟರ್ ತಿಳಿದವನು ನಾನೊಬ್ಬನೇ ಎಂದೆ. ಸುತ್ತಲಿದ್ದವರು ತಲೆದೂಗಿದರು. ಆ ದಿನ ಬದನೆಕಾಯಿ ಎಣ್ಣೆಗಾಯಿ ಬಹಳ ರುಚಿಯಾಗಿತ್ತು, ಹೋಗುವ ಮುಂಚೆ ವಿಮಲಾ ಮಾಡಿಟ್ಟು ಹೋಗಿದ್ದಳು.

ಅವಳು ಶಿರೂರಿನಿಂದ ಬಂದ ದಿನ ನಾನು ಕಂಪ್ಯೂಟರಿಗೆ ಅರಿಷಿಣ ಕುಂಕುಮ ಏರಿಸಿ ಕಾದಿದ್ದೆ. ಗುಂಡಿ ಒತ್ತಿದೆ, ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆ ಬೆಳಗಿತು. ಅವಳಿಗೆ ನಿಜವಾಗಿಯೂ ಖುಷಿಯಾಯಿತು. "ಅಯ್ಯ, ಭಾಳ ಛಲೋ ಆತು ನೋಡ್ರಿ. ಪುಸ್ತಕದ ಕೆಲಸ ಲಗೂನ ಆಗತದ" ಎಂದು ಕೈಕಾಲು ತೊಳೆದು ಬಂದು ಕೂತಳು. ಸ್ವಲ್ಪ ಹೊತ್ತು ಹುಡುಕಿದಳು. "ರೀ, ನನ್ನ ಫೋಲ್ಡರ್ ಎಲ್ಲಿಟ್ಟೀರಿ?" ಎಂದಳು. ಯಾವ ಫೋಲ್ಡರು ಎಂದೆ. "ಅದ ರೀ, ನ್ಯೂ ಫೋಲ್ಡರು. ಒಡಪಿಂದು."

ಮನುಷ್ಯನಿಗೆ ಗೊತ್ತಾಗುವುದಕ್ಕೂ, ಗೊತ್ತಾಯಿತೆಂದು ಒಪ್ಪುವುದಕ್ಕೂ ನಡುವೆ ಸ್ವಲ್ಪ ಹೊತ್ತು ಇರುತ್ತದೆ. ಆ ಹೊತ್ತನ್ನು ನಾನು ಮಾತನಾಡುತ್ತಲೇ ಕಳೆದೆ. ಎಲ್ಲಿಯೋ ಇರುತ್ತದೆ, ಹಳೆಯ ಅಕ್ಷರಗಳನ್ನು ಮತ್ತೆ ಹಾಕಬೇಕಾಗುತ್ತದೆ, ಅವಿಲ್ಲದಿದ್ದರೆ ಕನ್ನಡ ಕನ್ನಡವಾಗಿ ಕಾಣುವುದಿಲ್ಲ, ಏನೇನೋ ಚಿಹ್ನೆಗಳಾಗಿ ಕಾಣುತ್ತದೆ ಎಂದು ವಿವರಿಸುತ್ತಿದ್ದವನು ಅಲ್ಲಿಗೇ ನಿಂತೆ. ನನ್ನ ಉಪನ್ಯಾಸದ ವಾಕ್ಯವೇ ಅದು. ಹಳೆಯ ತಂತ್ರಾಂಶದ ಸಿಡಿ ಹುಡುಕಿ ತಂದು ಹಾಕಿ, ಅದರಲ್ಲಿ ನನ್ನ ಹೆಸರನ್ನು ಟೈಪ್ ಮಾಡಿ, ಅಕ್ಷರಶೈಲಿಯನ್ನು ಮಾಮೂಲಿ ಇಂಗ್ಲಿಷಿಗೆ ಬದಲಿಸಿದೆ. ಗುರುನಾಥ ಎಂಬುದು ಕರಗಿ, ಮೊದಲಿಗೊಂದು ಯು, ಗೆರೆ ಹೊತ್ತ ಎ-ಗಳು, ನಡುವೆ ಪೌಂಡಿನ ಗುರುತು, ಕೊನೆಯ ಹೊತ್ತಿಗೆ ಒಂದು ಎಕ್ಸ್ ಆಯಿತು. ಫೋನಿನಲ್ಲಿ ಪ್ರಶಾಂತ ಕಳಿಸಿದ್ದ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದೆ. ಅದೇ ಯು, ಅದೇ ಪೌಂಡು, ಅದೇ ಎಕ್ಸು, ಸಾಲು ಬಿಟ್ಟು ಸಾಲಿಗೆ, ಮೇಲಿನಿಂದ ಕೆಳಗಿನವರೆಗೆ. ವೈರಸ್ ಎಂದು ನಾನು ಊಟದ ಟೇಬಲ್ಲಿನಲ್ಲಿ ತೋರಿಸಿದ್ದು ನನ್ನನ್ನೇ.

ವಿಮಲಾ ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರಗಳಿದ್ದವು. ಫೋಟೋವನ್ನು ಸ್ವಲ್ಪ ಹೊತ್ತು ನೋಡಿ, "ತಗೀರಿ ಅದನ್ನ ಕಣ್ಣ ಮುಂದಿಂದ" ಎಂದಳು. ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. ನಾನು ಅಂಗಡಿಗೆ ಓಡಿದೆ. ಪ್ರಶಾಂತ ಪಾಪ, ನಾನು ಹೇಳಿದಂತೆಯೇ ಎಲ್ಲವನ್ನೂ ಮಾಡಿದ್ದ. ಡಿಸ್ಕಿನ ತುಂಬ ಸೊನ್ನೆ ತುಂಬಿಸಿದ್ದ. ಕಳೆದುಹೋದ ಮಾಹಿತಿ ತೆಗೆದುಕೊಡುವವರ ಹತ್ತಿರ ಹೋದೆ. ಅವರು ಡಿಸ್ಕನ್ನು ಪರೀಕ್ಷಿಸಿ, ಇಷ್ಟು ಚೊಕ್ಕವಾಗಿ ಅಳಿಸಿದವರು ಯಾರು ಎಂದು ಮೆಚ್ಚಿಕೊಂಡರು. ಅಷ್ಟು ವರ್ಷದಲ್ಲಿ ನನ್ನ ಸಲಹೆಯನ್ನು ಒಬ್ಬರು ಪೂರ್ತಿಯಾಗಿ ಪಾಲಿಸಿದ್ದು ಅದೇ ಮೊದಲು.

ಮಂಡಳದ ಹೆಂಗಸರು ಸುದ್ದಿ ಕೇಳಿ ನೆನಪಿದ್ದಷ್ಟನ್ನು ಹೇಳಲು ಬಂದರು. ಅವರಿಗೆಂದು ವಿಮಲಾ ಕಟ್ಟಿಕೊಟ್ಟವು ಕೆಲವು ಉಳಿದಿದ್ದವು. ಅವಳ ಸ್ವಂತದವೂ ಒಂದೆರಡು ಸಿಕ್ಕವು, ಆದರೆ ಅವನ್ನು ಇವರು ತಮ್ಮ ಮನೆಗಳ ಕಾರ್ಯಗಳಲ್ಲಿ ಹೇಳಿ ಹೇಳಿ, ನನ್ನ ಜಾಗದಲ್ಲಿ ಈಗ ಪಾಟೀಲರೂ ದೇಸಾಯರೂ ಗಟ್ಟಿಯಾಗಿ ಕೂತುಬಿಟ್ಟಿದ್ದರು. ವಾಷಿಂಗ್ ಮಷೀನಿನ ಪುಸ್ತಕವನ್ನು ಪಾಟೀಲರು ಓದಿದರಂತೆ! ಪಾಟೀಲರು ಜನ್ಮದಲ್ಲಿ ಒಂದು ಯಂತ್ರದ ಪುಸ್ತಕವನ್ನೂ ಓದಿದವರಲ್ಲ, ಅದಕ್ಕೆ ನಾನೇ ಸಾಕ್ಷಿ. ಆದರೆ ತಗಾದೆ ತೆಗೆಯಲು ನನಗೆ ಬಾಯಿರಲಿಲ್ಲ. ಪುಸ್ತಕವಾಗುವಷ್ಟು ಕೂಡಲಿಲ್ಲ. "ಹೋಗ್ಲಿ ಬಿಡ್ರೆವ್ವಾ" ಎಂದು ವಿಮಲಾ ತಾನೇ ಅವರಿಗೆ ಸಮಾಧಾನ ಹೇಳಿ ಎಳ್ಳುಂಡೆ ಕೊಟ್ಟು ಕಳಿಸಿದಳು.

ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಗಂಡಸರಿಗೆ ಪ್ರವೇಶವಿಲ್ಲ, ಮೈಕಿನವನಿಗೆ ಮಾತ್ರ ಉಂಟು. ನಾನು ಸಭಾಗೃಹದ ಮೂಲೆಯಲ್ಲಿ ಆಂಪ್ಲಿಫೈಯರ್ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ಒಬ್ಬೊಬ್ಬರೇ ಬಂದು ಒಡಪು ಹೇಳಿದರು. ಕೊನೆಗೆ ಎಲ್ಲರೂ ವಿಮಲಾಬಾಯಿ, ವಿಮಲಾಬಾಯಿ ಎಂದು ಕೂಗಿದರು. ಅವಳು ಹಸಿರು ಇಳಕಲ್ ಸೀರೆಯ ಸೆರಗು ಸರಿಪಡಿಸಿಕೊಂಡು ಎದ್ದುಬಂದಳು. ಕಂಪ್ಯೂಟರಿನ ಮೇಲೇ ಕಟ್ಟಿರುತ್ತಾಳೆ, ಇಡೀ ಸಭೆಯ ಮುಂದೆ ನನ್ನನ್ನು ಚೆನ್ನಾಗಿ ಝಾಡಿಸುತ್ತಾಳೆ ಎಂದು ನಾನು ಸಿದ್ಧನಾಗಿ ಕೂತಿದ್ದೆ. ನಿಜ ಹೇಳಬೇಕೆಂದರೆ ಆಸೆಯಿಂದಲೇ ಕಾಯುತ್ತಿದ್ದೆ; ಮೈಕಿನ ದನಿ ಸ್ವಲ್ಪ ಏರಿಸಿಯೂ ಇಟ್ಟಿದ್ದೆ. ಅವಳು ಮೈಕಿನ ಮುಂದೆ ನಿಂತು, "ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ರಿ, ಗುರುನಾಥರಾಯರ ಹೆಸರು ಹೇಳೇನಿ, ಎಲ್ಲಾರೂ ಕೇಳ್ರಿ" ಎಂದು ಹೇಳಿ ಹೋಗಿ ಕೂತಳು. ಯಾವ ಗಂಡನ ಹೆಸರನ್ನಾದರೂ ಕೂಡಿಸಬಹುದಾದ ಆ ಸಿದ್ಧ ಒಡಪು. ಮುಂದೆ ಇನ್ನೂ ಇದೆಯೆಂದು ಕಾದಿದ್ದವರು ಆಮೇಲೆ ಚಪ್ಪಾಳೆ ತಟ್ಟಿದರು. ವಾಣವೆಂದು ಎಲ್ಲರಿಗೂ ಪ್ಲಾಸ್ಟಿಕ್ ಡಬ್ಬಿ ಹಂಚಿದರು. ಹೋಗುವಾಗ ಮೈಕಿನವನಿಗೂ ಒಂದು ಕೊಟ್ಟರು.

ನನಗೆ ತಡೆಯಲಾಗಲಿಲ್ಲ. ಮದುವೆಯಲ್ಲಿ ಗಂಡನೂ ಹೆಂಡತಿಯ ಹೆಸರಿಗೆ ಒಡಪು ಹೇಳುವುದುಂಟು. ನಮ್ಮ ಮದುವೆಯಲ್ಲಿ ನಾನು ನಾಚಿಕೆಯೆಂದು ತಪ್ಪಿಸಿಕೊಂಡಿದ್ದೆ. ಈಗ ತೀರಿಸೋಣವೆಂದು ಚಾಕಣದ ಕಂಪನಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಒಂದು ವಾರ ಕಷ್ಟಪಟ್ಟು ಒಂದನ್ನು ಕಟ್ಟಿದೆ. ಅವಳು ಪಡವಲಕಾಯಿ ಹೆಚ್ಚುತ್ತಿದ್ದಾಗ ಎದುರಿಗೆ ನಿಂತು, "ಕಂಪ್ಯೂಟರಕ್ಕ ಬೇಕು ಮೌಸು, ಬೇಕು ಕೀಬೋರ್ಡು, ವಿಮಲಾ ಇಲ್ಲದ ಮನಿ ಅಂದ್ರ ಬರೇ ಮದರ್‌ಬೋರ್ಡು" ಎಂದೆ. ಅವಳು ಹೆಚ್ಚುವುದನ್ನು ನಿಲ್ಲಿಸಿದಳು. "ಇದನ್ನ ಆ ಫೋನಿನ ಎಐ ಕಡೆ ಬರಸೀರೇನು?" ಎಂದಳು. ಇಲ್ಲ, ಪೂರ್ತಿ ನನ್ನದೇ ಎಂದೆ. "ಹೌದಿರಬೇಕು. ಅದು ಇಷ್ಟು ಕೆಟ್ಟದ್ದು ಬರ್ಯಾಂಗಿಲ್ಲ" ಎಂದು ಮತ್ತೆ ಪಡವಲಕಾಯಿಯ ಕಡೆ ತಿರುಗಿದಳು. ಆದರೂ ತುಟಿಯ ಮೂಲೆಯಲ್ಲಿ ಒಂದಿಷ್ಟು ನಗು ಇತ್ತು.

ಆ ನಗುವಿನ ಧೈರ್ಯದ ಮೇಲೆ ಫೋಟೋವನ್ನು ಮತ್ತೆ ತೆಗೆದೆ. ಒಂದು ಪುಟವಾದರೂ ಅದರಲ್ಲಿ ಉಳಿದಿತ್ತಲ್ಲ. ಹಳೆಯ ತಂತ್ರಾಂಶದ ಒಂದೊಂದೇ ಕನ್ನಡ ಅಕ್ಷರ ಒತ್ತಿ, ಅದು ಯಾವ ಚಿಹ್ನೆಯಾಗುತ್ತದೆಂದು ನೋಡಿ, ಹೋಲಿಸಿ, ಭಾನುವಾರಗಳಲ್ಲಿ ಕೂತು ಸಾಲುಸಾಲಾಗಿ ಬಿಡಿಸಿದೆ. ಹೀಗೆ ನನ್ನ ಹೆಂಡತಿ ಬರೆದದ್ದನ್ನು ಮಾರ್ಜಿನ್ ನೋಡದೆ ಮೊದಲ ಸಲ ಓದಿದೆ. "ಕೋಥರೂಡದ ಬಸ್ಸಿಗೆ ಗರ್ದಿ ಭಾಳ, ನಿಲ್ಲಲಿಕ್ಕೂ ಜಾಗಿಲ್ಲ, ಗುರುನಾಥರಾಯರ ಮಾತಿಗೆ ಮಾತ್ರ ಎಲ್ಲಿಯೂ ಸ್ಟಾಪಿಲ್ಲ" ಎಂಬುದೊಂದು. ನಗು ಬಂತು. ಅದರ ಕೆಳಗೆ, "ಚಾಕಣಕ್ಕ ಹೋಗಾವರಿಗೆ ಬುತ್ತಿ ದಿನಾ ಕಟ್ಟೇನಿ, ಗುರುನಾಥರಾಯರು ಮರತ ಛತ್ರಿ ಚೀಲದಾಗ ಇಟ್ಟೇನಿ." ಮಳೆಗಾಲದಲ್ಲಿ ಎಂದೂ ಛತ್ರಿ ಮರೆಯದವನೆಂದು ಸ್ಟೋರ್ಸಿನಲ್ಲಿ ನನ್ನನ್ನು ಎಲ್ಲರೂ ಹೊಗಳುತ್ತಾರೆ. ಮುಂಜಾಗ್ರತೆಯ ಬಗ್ಗೆ ಅವರಿಗೆ ನಾನು ಉಪದೇಶವನ್ನೂ ಮಾಡಿದ್ದೇನೆ. ಆ ಎರಡು ಸಾಲನ್ನು ಓದಿದ ಭಾನುವಾರ ಮುಂದಿನ ಸಾಲು ಬಿಡಿಸಲು ಕೂರಲಿಲ್ಲ.

ಫೋಟೋದ ತಳದಲ್ಲಿ ಇನ್ನೊಂದು ಒಡಪು ಶುರುವಾಗುತ್ತದೆ. "ಊರಿಗೆಲ್ಲ ಉತ್ತರ ಹೇಳತಾರ ಗುರುನಾಥರಾಯರು" ಎಂಬ ಮೊದಲ ಸಾಲಿದೆ. ಎರಡನೆಯ ಸಾಲು ಪ್ರಶಾಂತನ ಫೋಟೋದಲ್ಲಿ ಬಂದಿಲ್ಲ, ಅಲ್ಲಿಗೆ ತೆರೆಯೇ ಮುಗಿದಿದೆ. ಬೈಗುಳವೋ, ಛತ್ರಿಯ ಹಾಗೆ ಇನ್ನೇನೋ ತಿಳಿಯದು. ಮುಂದೇನು ಎಂದು ಅವಳನ್ನು ಕೇಳಿದೆ. "ಬರದಾಗ ನಿಮ್ಮನ್ನ ಕರದಿದ್ದೆ. ಮಾರ್ಜಿನ್ ಸರಿ ಇಲ್ಲಂದ್ರಿ" ಎಂದಳು. ಅಷ್ಟೇ. ಅವಳಿಗೆ ನಿಜವಾಗಿಯೂ ಮರೆತಿದೆಯೋ, ಹೇಳಲು ಮನಸ್ಸಿಲ್ಲವೋ, ಅದೂ ನನಗೆ ಗೊತ್ತಾಗುವುದಿಲ್ಲ.

ಈಗ ಕಂಪ್ಯೂಟರಿನ ಬಗ್ಗೆ ಯಾರು ಏನು ಕೇಳಿದರೂ, ಮನೆಯಲ್ಲೊಮ್ಮೆ ಕೇಳಿಬಿಡಿ ಎನ್ನುತ್ತೇನೆ. ಮೊನ್ನೆ ಲಿಫ್ಟಿನಲ್ಲಿ ಪಾಟೀಲರು ಹೊಸ ಪ್ರಿಂಟರಿನ ಪ್ರಸ್ತಾಪ ತೆಗೆದಾಗಲೂ ಅದನ್ನೇ ಹೇಳಿದೆ. "ಕೇಳೇ ಬಂದೀನ್ರಿ. ಗುರುನಾಥರಾಯರೊಬ್ಬರನ್ನ ಬಿಟ್ಟು ಯಾರನ್ನರ ಕೇಳ್ರಿ ಅಂದಾಳ" ಎಂದರು. ವಿಮಲಾ ಈಗ ಮತ್ತೆ ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದ್ದಾಳೆ. ಅದರ ಫೋಟೋ ತೆಗೆದಿಡಲೇ ಎಂದರೆ ಹಾಳೆಯನ್ನು ಮಡಚಿ ಡಬ್ಬಿಯ ಕೆಳಗೆ ತಳ್ಳುತ್ತಾಳೆ. ನನ್ನ ಮೂರು ಪ್ರತಿ ಬ್ಯಾಕಪ್‌ಗಳು ಪೆನ್‌ಡ್ರೈವುಗಳಲ್ಲಿ ತಯಾರಾಗಿ ವಾಣದ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿವೆ. ಮೂರರಲ್ಲೂ ಇರುವುದು ಅದೊಂದೇ ಪುಟ, ಕೊನೆಯ ಸಾಲಿಲ್ಲದ್ದು. ಬಸ್ಸಿನಲ್ಲಿ ಕೂತು ಆ ಸಾಲನ್ನು ನಾನೇ ಕಟ್ಟಲು ನೋಡುತ್ತೇನೆ, ಸಂಜೆ ಬಂದು ಅವಳೆದುರು ಹೇಳುತ್ತೇನೆ. ನಿನ್ನೆ, "ಊರಿಗೆಲ್ಲ ಉತ್ತರ ಹೇಳತಾರ ಗುರುನಾಥರಾಯರು, ಮನಿಯಾಗಿನ ಮಾತು ಕೇಳಲಿಕ್ಕ ಮರತ ಕೂತಾರು" ಎಂದೆ. ವಿಮಲಾ ಒಗ್ಗರಣೆಯ ಸೌಟನ್ನು ಸಾರಿಗೆ ಮುಳುಗಿಸಿ ನನ್ನತ್ತ ತಿರುಗಿದಳು.

"ಇದೂ ಖರೇನ ಅದ," ಎಂದಳು. "ಆದ್ರ ನಾ ಬರದದ್ದು ಇದಲ್ಲ. ನಾ ಛಲೋದು ಬರದಿದ್ದೆ."